ನಿಂತರೆ ಕಾಣುತ್ತದೆ

ಕೋಣೆ ನಂಬರ್ ಒಂಬತ್ತರಲ್ಲಿ ನಾವು ಮೂವರು.
ಕಿಟಕಿಯ ಮಂಚ ಮೇಬಲ್‌ಳದು, ಮೊದಲು ಬಂದವಳೆಂದು.
ಬಾಗಿಲ ಪಕ್ಕದ್ದು ನನಗೆ,
ಒಂದು ಕಾಲಿಗೆ ಹಳೇ ಪ್ರಶ್ನೆಪತ್ರಿಕೆ ಮಡಚಿ ಕೊಟ್ಟ ಮಂಚ.
ನಡುವೆ ಲತಿಕಾ ಹರಿಕಂತ್ರ,
ನಿದ್ದೆಯಲ್ಲಿ ಕೊಂಕಣಿಯಲ್ಲಿ ಲೆಕ್ಕ ಹಾಕುವವಳು.

ನೀರು ಕಾಯಿಸುವ ಕಾಯಿಲ್ ಒಂದೇ.
ವಾರ್ಡನ್ನಿಗೆ ಕಾಣದಂತೆ ಮೇಬಲ್‌ಳ ಕಂಬಳಿಯಲ್ಲಿ
ಕೂಸಿನ ಹಾಗೆ ಸುತ್ತಿಡುತ್ತಿದ್ದೆವು.
ಕೋಡಿಬಾಗದ ಗಾಳಿಗೆ ಒಣಗಿದ ಬಟ್ಟೆ ಮತ್ತೆ ಹಸಿ,
ಡಬ್ಬಿಯಲ್ಲಿಟ್ಟ ಉಪ್ಪು ತಾನೇ ನೀರು.
"ಅವ್ವಾ, ಇಲ್ಲಿ ಉಪ್ಪು ಬೆವರತೈತಿ" ಎಂದು ಫೋನಿನಲ್ಲಿ ಹೇಳಿದರೆ
ಮುಂಡಗೋಡದಿಂದ ಅವ್ವ ಕೇಳಿದ್ದು:
"ಊಟ ಆತೇನ?"

ದೀಪಾವಳಿಗೆ ನಾಲ್ಕೇ ದಿನ ರಜೆ.
ಮೇಬಲ್ ಒಗೆಯದ ಬಟ್ಟೆಯನ್ನೆಲ್ಲ ತುಂಬಿಕೊಂಡು
ಹಳಿಯಾಳದ ಬಸ್ಸು ಹತ್ತಿದಳು.
ನನಗೆ ಬಸ್ಸು ಬದಲಿಸಿ ಹೋಗಿ ಬರುವುದರಲ್ಲೇ ಎರಡು ದಿನ.
"ನಮ್ಮನೆಗೆ ಬಾರೆ," ಅಂದಳು ಲತಿಕಾ, "ಅರ್ಧ ತಾಸು."

ಬಿಣಗಾ ದಾಟಿದ್ದೇ ಎದ್ದು ನಿಂತಳು.
"ನೀನೂ ನಿಲ್ಲೆ. ಕೂತ್ರೆ ಬರೀ ಗೋಡೆ."
ಬಲಗಡೆ ಗೋಡೆ, ಅದರ ಮೇಲೆ ಮುಳ್ಳುತಂತಿ,
ಅದರಾಚೆ ಒಂದು ತಾಳೆಮರದ ತಲೆ,
ಅಷ್ಟೇ, ಒಂದು ತಿರುವಿನಷ್ಟು ಹೊತ್ತು.
"ಅದೇ ನಮ್ಮೂರು."
ನೌಕಾನೆಲೆಗೆ ಊರು ಹೋದಾಗ
ಅವಳಿನ್ನೂ ಹುಟ್ಟಿರಲಿಲ್ಲ.
ಬಸ್ಸಿನಲ್ಲಿ ಇನ್ನೂ ಮೂವರು ಎದ್ದು ನಿಂತಿದ್ದರು.
ಇಳಿಯುವವರು ಯಾರೂ ಅಲ್ಲ.

ಕಾಲೊನಿಯ ಮನೆಗೆ ಹೆಸರಿಲ್ಲ, ನೂರಾ ಹದಿನಾಲ್ಕು.
ಅಜ್ಜಿ ನನ್ನ ಗಲ್ಲ ಹಿಡಿದು
"ಘಟ್ಟದ ಮೇಲಿನ ಪೋರಿ, ಮೀನು ತಿಂತಾಳಾ?" ಎಂದು
ಲತಿಕಾಳನ್ನು ಕೇಳಿದಳು,
ನಾನು ಎದುರಿಗೇ ಇಲ್ಲದ ಹಾಗೆ.
ಅಪ್ಪ ಆ ಗೋಡೆಯೊಳಗೇ ಗುತ್ತಿಗೆಯಲ್ಲಿ ಹುಲ್ಲು ಕತ್ತರಿಸುತ್ತಾರೆ,
ಕೊರಳಲ್ಲಿ ಪಾಸು.
"ನಮ್ಮನೆ ಇದ್ದಲ್ಲಿ ಹುಲ್ಲು ಚಲೋ ಬರ್ತದೆ" ಅಂದರು,
ದೂರಿನ ದನಿಯಲ್ಲ,
ಮಣ್ಣು ಗೊತ್ತಿದ್ದವರ ದನಿ.

ಚತುರ್ದಶಿಯ ಹಿಂದಿನ ಸಂಜೆ
ಅಜ್ಜಿ ನಮ್ಮನ್ನು ಹಿಂಡಲಕಾಯಿಗೆ ಅಟ್ಟಿದಳು:
"ಬಾವಿ ದಾಟಿ, ಹುಣಸೆಮರದ ಎಡಕ್ಕೆ,
ಪುತ್ತು ತಾಂಡೇಲನ ಬೇಲಿಯಲ್ಲಿ."
ಹೊರಗೆ ಬಂದರೆ ಬಾವಿಯಿಲ್ಲ. ಹುಣಸೆಮರವೂ.
ಲತಿಕಾ ನಿಲ್ಲದೆ ನಡೆದಳು.
ಬಾವಿ ಅಂದರೆ ನೀರಿನ ಟಾಕಿ.
ಹುಣಸೆಮರ ಟ್ರಾನ್ಸ್‌ಫಾರ್ಮರ್.
ಪುತ್ತು ತಾಂಡೇಲ ಸತ್ತು ಹನ್ನೊಂದು ವರ್ಷ,
ಬೇಲಿ ರೈಲ್ವೆಯವರದು.
ಕಾಯಿ ಮಾತ್ರ ಇದ್ದವು, ಗೋಲಿಯಷ್ಟು, ಹಸಿರು,
ಅಜ್ಜಿ ಹೇಳಿದಲ್ಲೇ.

ಮರುದಿನ ನಸುಕಿಗೆ ತಲೆ ತುಂಬ ಎಣ್ಣೆ.
ತುಳಸಿಕಟ್ಟೆಯೆದುರು ಎಡ ಹಿಮ್ಮಡಿಯಿಂದ ಕಾಯಿ ಒಡೆದು
ನಾಲಗೆಗೆ ಮುಟ್ಟಿಸಬೇಕಂತೆ.
ಕಹಿ ಕಿವಿಯವರೆಗೆ ಹೋಯಿತು.
ನನ್ನ ಮುಖ ನೋಡಿ ಇಡೀ ನೂರಾ ಹದಿನಾಲ್ಕು ನಕ್ಕಿತು,
ಪಕ್ಕದ ನೂರಾ ಹದಿನೈದೂ.
ಆಮೇಲೆ ಐದು ಬಗೆ ಅವಲಕ್ಕಿ;
ಬೆಲ್ಲದ್ದನ್ನು ಎರಡು ಸಲ ಹಾಕಿಸಿಕೊಂಡೆ.
ಮೀನಿನ ಉತ್ತರವನ್ನು ಮೂರನೆಯ ದಿನ
ನಾನೇ ಕೊಟ್ಟೆ, ತಾಟು ಖಾಲಿ ಮಾಡಿ.

ಜನವರಿಯಲ್ಲಿ ಒಂಬತ್ತರ ಛಾವಣಿ ಬಿರುಕು ಬಿಟ್ಟಿತು.
ನಮ್ಮನ್ನು ಇಪ್ಪತ್ತಾರಕ್ಕೆ ಹಾಕಿದರು.
ಇಲ್ಲಿ ಕಿಟಕಿ ನನ್ನ ತಲೆಯ ಕಡೆ,
ಮೇಬಲ್ ಬಾಗಿಲಿಗೆ.
ಆದರೂ "ಬಕೆಟ್ಟು ಕಿಟಕಿ ಹತ್ರ ಇಡೆ" ಎಂದು ಮೇಬಲ್ ಅಂದರೆ
ಲತಿಕಾ ಒಯ್ದು ಬಾಗಿಲ ಹಿಂದೆ ಇಟ್ಟಳು.
ಯಾರೂ ತಿದ್ದಲಿಲ್ಲ.

ಏಪ್ರಿಲ್. ಪರೀಕ್ಷೆ ಮುಗಿಯಿತು.
ಒಬ್ಬಳೇ ಊರಿಗೆ ಹೊರಟೆ,
ತೊಡೆಯ ಮೇಲೆ ಅವ್ವನಿಗೆಂದು
ಆ ಅಜ್ಜಿ ಕಳಿಸಿದ ಮುರುಗಲ ಸಿಪ್ಪೆಯ ಗಂಟು.
ಬಿಣಗಾ ದಾಟಿತು.
ಕಂಡಕ್ಟರ್ ಬಂದ:
"ಯಲ್ಲಾಪುರ ಅಂದ್ರಲ್ರೀ, ಈಗ್ಯಾಕ ಎದ್ರಿ?"

"ಕೂಡ್ತೀನ್ರೀ," ಅಂದೆ,
"ಈ ತಿರುವು ಒಂದು ಮುಗೀಲಿ."