ಕಿವಿಗೆ ಹಚ್ಚಿದ ಸಲಾಕೆ

ಅಸಲ್ಫಾ ಗುಡ್ಡಕ್ಕೆ ನೀರು ಬರುತ್ತಿದ್ದುದು
ನಸುಕಿನ ಮೂರು ನಲವತ್ತಕ್ಕೆ.
ಅದಕ್ಕೂ ಮೊದಲು ಅಪ್ಪ ಹೋಗಿ ನಿಲ್ಲುತ್ತಿದ್ದ,
ಹೆಗಲ ಮೇಲೆ ಆಳುದ್ದದ ಕಬ್ಬಿಣದ ಚಾವಿ,
ಕೈಯಲ್ಲಿ ಬೆರಳು ದಪ್ಪದ ಸಲಾಕೆ.
ರಸ್ತೆಯ ಮುಚ್ಚಳ ಸರಿಸಿ, ಚಾವಿ ಇಳಿಸಿ,
ಹದಿನಾಲ್ಕು ಸುತ್ತು ತಿರುವಿ,
ಸಲಾಕೆಯ ಒಂದು ತುದಿ ಪೈಪಿಗೆ
ಇನ್ನೊಂದು ಕಿವಿಗೆ.

"ಬಂತು" ಅನ್ನುತ್ತಿದ್ದ. ಯಾರಿಗೂ ಅಲ್ಲ.

ಆ ಸುದ್ದಿ ಗುಡ್ಡ ಹತ್ತುವ ರೀತಿಯೇ ಬೇರೆ.
ಕೆಳಗಿನ ಮೊದಲ ಖೋಲಿಯಲ್ಲಿ
ನಲ್ಲಿಗೆ ಸಿಕ್ಕಿಸಿದ ರಬ್ಬರ್ ಕೊಳವೆ ಮಿಸುಕಿದರೆ ಸಾಕು,
ರಶೀದಾ ಚಾಚಿ ಲಟ್ಟಣಿಗೆ ಎತ್ತಿ
ತಗಡಿನ ಗೋಡೆಗೆ ಎರಡೇಟು.
ಗೋಡೆಯಾಚೆ ಘೋರ್ಪಡೆ ಮಾವಶಿ,
ಅವಳಿಂದ ಮೇಲಿನ ಸಾಲು, ಅಲ್ಲಿಂದ ಅದರ ಮೇಲಿನದು.
ನೀರು ಇನ್ನೂ ಅರ್ಧ ಗುಡ್ಡದಲ್ಲಿ ಏದುಸಿರು ಬಿಡುವಾಗಲೇ
ತುದಿಯ ಖೋಲಿಯಲ್ಲಿ ನಮ್ಮವ್ವ
ಕೊಡ ತಿಕ್ಕಿ ಕೂತಿರುತ್ತಿದ್ದಳು.

ಈಗ ನನ್ನ ಕೆಲಸ ಪರೇಲಿನ ಲ್ಯಾಬಿನಲ್ಲಿ.
ಗಾಜಿನ ಮೇಲೆ ಮೂತ್ರಪಿಂಡದ ಜೀವಕೋಶಗಳ ಒಂದೇ ಪದರ.
ನಾನು ಹುಟ್ಟುವ ಎಷ್ಟೋ ಮೊದಲಿನ, ದೂರದೇಶದ ನಾಯಿಯವು.
ನಾಯಿ ಸತ್ತಿದೆ, ಇವು ಸತ್ತಿಲ್ಲ.
ಒಂದೊಂದಕ್ಕೂ ಒಂದೇ ಒಂದು ಕೂದಲು.
ಈಜುವುದಿಲ್ಲ, ಬೀಸುವುದಿಲ್ಲ,
ನೆಟ್ಟಗೆ ನಿಂತಿರುತ್ತದೆ, ಅಷ್ಟೆ.
ಪಂಪು ಒತ್ತಿದರೆ ದ್ರವ ಹರಿದು ಅದು ಬಾಗುತ್ತದೆ,
ಗಾಳಿಗೆ ಜೋಳದ ದಂಟು ಬಾಗಿದಂತೆ
ಎಂದು ಬರೆದು ಹೊಡೆದುಹಾಕಿದೆ:
ನಾನು ಜೋಳದ ಹೊಲ ಕಂಡದ್ದು ಎರಡೇ ಸಲ.
ಬ್ರೇಕು ಬಿದ್ದಾಗ ಲೋಕಲ್‌ನಲ್ಲಿ
ಹಿಡಿಕೆಗೆ ಜೋತವರೆಲ್ಲ ಒಂದೇ ಕಡೆ ವಾಲಿದಂತೆ.

ಆಮೇಲೆ ಇಪ್ಪತ್ತು, ಮೂವತ್ತು ಸೆಕೆಂಡು ಏನೂ ಇಲ್ಲ.
ಆಮೇಲೆ ಎಲ್ಲೋ ಒಂದರೊಳಗೆ ಕ್ಯಾಲ್ಸಿಯಂ ಏರಿ
ಹಸಿರು ಹೊತ್ತಿಕೊಳ್ಳುತ್ತದೆ.
ಅದು ದಿನದ ಖರ್ಚಿಗೆಂದು ಗಂಟು ಕಟ್ಟಿದ ಚಿಲ್ಲರೆ,
ಎಟಿಪಿ ಅನ್ನುತ್ತೇವೆ,
ಒಂದಿಷ್ಟು ಹೊರಗೆ ಚೆಲ್ಲುತ್ತದೆ.
ಪಕ್ಕದ್ದು ಅದನ್ನು ದುಡ್ಡೆಂದು ಎಣಿಸುವುದಿಲ್ಲ,
ಸುದ್ದಿಯೆಂದು ಓದುತ್ತದೆ.
ಅದೂ ಹಸಿರು. ಅದರಾಚೆಯದೂ.

ಹರಿವು ಕೇಳಿದ್ದು ಕೂದಲೋ, ಕೋಶದ ಮೈಯೋ,
ಆ ಜಗಳ ಇನ್ನೂ ಹರಿದಿಲ್ಲ.

ಒಂದು ಭಾನುವಾರ ಅಪ್ಪನನ್ನು ಕರೆತಂದೆ.
ಚಪ್ಪಲಿ ಹೊರಗೇ ಬಿಟ್ಟ, ಬೇಡವೆಂದರೂ.
ಕಣ್ಣು ಹಚ್ಚಿ ಬಹಳ ಹೊತ್ತು ನೋಡಿ,
"ಇದರ ಚಾವಿ ಯಾರ ಬಲ್ಲಿ ಅದ?" ಅಂದ.
ನಕ್ಕೆ. ಉತ್ತರ ಗೊತ್ತಿರಲಿಲ್ಲ.

ಇನ್ನೊಂದು ಗಾಜು ತೋರಿಸಿದೆ.
ಒಂದು ಪ್ರೋಟೀನು ಕೆಟ್ಟ ಕೋಶಗಳು.
ಕೂದಲಿದೆ, ಹರಿವಿದೆ, ಹಸಿರಿಲ್ಲ.
ಸುದ್ದಿ ಮುಟ್ಟದೆ ಇವು ಸುಮ್ಮನೆ ಹೆಚ್ಚುತ್ತವೆ ಅಪ್ಪ,
ನೀರಗುಳ್ಳೆ ಕಟ್ಟುತ್ತವೆ,
ಕೊನೆಗೆ ಕಿಡ್ನಿಯೇ ದ್ರಾಕ್ಷಿಗೊಂಚಲು.

ಅಪ್ಪ ಸ್ಟೂಲಿನಿಂದ ಏಳಲಿಲ್ಲ.
"ನೌಕರಿ ಕಡೀ ಎರಡು ವರ್ಷ
ನನಗ ಬಲಗಿವಿ ಕೇಳ್ತಿದ್ದಿಲ್ಲ" ಅಂದ.
"ಎಡಗಿವಿಗಿ ಆ ವಿದ್ಯಾ ಬರಲಿಲ್ಲ.
ಸಲಾಕಿ ಹಚ್ಕೊಂಡು ಸುಮ್ನ ನಿಂದರ್ತಿದ್ದೆ,
ರಶೀದಾನ ಖೋಲ್ಯಾಗ ಲೈಟ್ ಹತ್ತೂತನಕ.
ಹತ್ತಿದ ಮ್ಯಾಲ ಬಂತು ಅಂತಿದ್ದೆ.
ನಿಮ್ಮವ್ವಗೂ ಹೇಳಿಲ್ಲ."

ನಾನೇನೂ ಅನ್ನಲಿಲ್ಲ.
ಮೊದಲಿನ ಗಾಜು ಮತ್ತೆ ಇಟ್ಟೆ.
ಹಸಿರೆಲ್ಲ ಆರಿ ಕತ್ತಲಾಗಿತ್ತು.
"ಇನ್ನೊಮ್ಮಿ ಬಿಡು ನೀರು" ಅಂದ.
ಪಂಪು ಒತ್ತಿದೆ.
ಅವನು ಎಣಿಸತೊಡಗಿದ, ಮರಾಠಿಯಲ್ಲಿ,
ಡ್ಯೂಟಿಯಲ್ಲಿ ಎಣಿಸುತ್ತಿದ್ದಂತೆ.