ಹೊಳೆಯ ಅಗಲ

ಮರ್ಥರ್ ಊರಿನ ಇಳಿಜಾರು ಬೀದಿ.
ಮುಚ್ಚಿಹೋದ ಬ್ಯಾಂಕಿಗೂ ಚಿಪ್ಸಿನಂಗಡಿಗೂ ನಡುವೆ
ಗೆಥಿನ್‌ನ ಗಾಳದಂಗಡಿ.
ಒಳಜೇಬಿನಲ್ಲಿ ಎಂಬತ್ತು ಪೌಂಡು,
ಮೊದಲ ಬಸ್ಸು ಓಡಿಸಿ ಗಳಿಸಿದ ಓವರ್‌ಟೈಮು,
ಮಡಿಸಿ ಮಡಿಸಿ ಮೆತ್ತಗಾಗಿತ್ತು.

ಗೋಡೆಯುದ್ದಕ್ಕೂ ಕೋಲುಗಳು
ಹೆಣ್ಣು ನೋಡಲು ಬಂದ ವರಗಳ ಹಾಗೆ
ಬೆನ್ನು ಸೆಟೆಸಿ ನಿಂತಿದ್ದವು.
ಕತ್ತಿಗೊಂದು ಚೀಟಿ: ಎಂಟುನೂರು. ಐನೂರೈವತ್ತು.
ನಾನು ಚೀಟಿ ಓದುತ್ತಿದ್ದೆ,
ಅವನು ನನ್ನ ಮಣಿಕಟ್ಟು ಓದುತ್ತಿದ್ದ.

ಎಷ್ಟರದ್ದು ಬೇಕು ಅನ್ನಲಿಲ್ಲ ಮುದುಕ.
"ನಿನ್ನ ಹೊಳೆಯ ಅಗಲ ಎಷ್ಟು, ಟೆಗ್ವೆನ್?"

ಅಳೆದವರು ಯಾರು?
ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎಂಟು ಸಲ
ಸೇತುವೆ ದಾಟಿದ್ದೇನೆ, ಮೂರನೇ ಗೇರಿನಲ್ಲಿ.
ಒಮ್ಮೆ ಕೆಮ್ಮುವಷ್ಟರಲ್ಲಿ ಟಾಫ್ ಮುಗಿಯುತ್ತದೆ.
"ಹತ್ತು ಮಾರು ಇದ್ದೀತು."
"ಮತ್ತೆ ಇಪ್ಪತ್ತು ಮಾರು ಎಸೆಯುವ ಕೋಲು ಯಾಕೆ?
ಆಚೆ ದಡದ ಕುರಿ ಹಿಡಿಯುತ್ತೀಯಾ?
ಹೊಳೆ ಇದ್ದಷ್ಟು ಹುರಿ ಚಾಚು."

ಹಿಂದಿನ ಕಾರು ನಿಲ್ಲಿಸುವ ಜಾಗ.
ಮೂರು ಕೋಲು, ಚೀಟಿಗಳ ಮೇಲೆ ಟೇಪು,
ಹುಸಿನೊಣದ ಬದಲು ಹುರಿಯ ತುದಿಗೆ ಕೆಂಪು ಉಣ್ಣೆಯ ಎಳೆ.
"ಬೆಲೆ ಕೇಳಬೇಡ, ಬೆನ್ನು ಕೇಳು. ಕಣ್ಣು ಮುಚ್ಚು."

ಮೊದಲನೆಯದು ಹೊಸ ಮೇಷ್ಟರ ಬೆತ್ತ:
ನಾನು ಯೋಚಿಸುವ ಮೊದಲೇ ಬೀಸಿಬಿಟ್ಟಿತು.
ಎರಡನೆಯದು ಬೆಂದ ಶಾವಿಗೆ.
ಮೂರನೆಯದು
ಕಾಯಿತು.
ಹಿಂದಕ್ಕೆ ಹೋದ ಹುರಿ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿತು,
ಆಮೇಲೆ ಅಂಗೈಯಲ್ಲಿ ಸಣ್ಣಗೆ ತಟ್ಟಿತು:
ಈಗ.
ಉಣ್ಣೆ ಹೋಗಿ ಬಿತ್ತು
ಯಾರದೋ ವ್ಯಾನಿನಿಂದ ಕಳಚಿದ ಚಕ್ರದ ಮುಚ್ಚಳದೊಳಗೆ.

ಕಣ್ಣು ಬಿಟ್ಟರೆ: ಕಂದು ಬಣ್ಣ, ಕಂಪನಿಯ ಹೆಸರು ಸವೆದಿದೆ,
ಒಂದು ಬಳೆಗೆ ಹೊಲಿಗೆ ದಾರದ ಕಟ್ಟು.
ಐವತ್ತು ಪೌಂಡು.
"ಯಾರದಿದು?"
"ಒಬ್ಬ ದಂತವೈದ್ಯನದು. ದುಬಾರಿಯದು ಕೊಂಡು ಇದನ್ನು ಬಿಟ್ಟ.
ಆಮೇಲೆ ಅವನು ಮೀನು ಹಿಡಿದದ್ದು ನಾನಂತೂ ಕಾಣೆ."

ಮೂವತ್ತು ಉಳಿಯಿತು; ಉಳಿಯಲು ಬಿಡಲಿಲ್ಲ.
"ಕೋಲಿನಲ್ಲಿ ಜಿಪುಣತನ ಮಾಡು, ಹುರಿಯಲ್ಲಿ ಬೇಡ.
ಎಸೆಯುವುದು ಹುರಿಯನ್ನು."
ರಾಟೆ? ಅದೊಂದು ಸುತ್ತಿಡುವ ಡಬ್ಬಿ ಅಂದ,
ಕಿರುಗುಡುವ ಹಳೆಯದೊಂದನ್ನು
ಡ್ರಾಯರಿನಿಂದ ತೆಗೆದು ಸುಮ್ಮನೆ ಕೊಟ್ಟ.

ಅಜ್ಜಿ ಹೇಳುತ್ತಿದ್ದಳು, ಗಣಿಗಳಿದ್ದ ಕಾಲಕ್ಕೆ
ಈ ಹೊಳೆಯಲ್ಲಿ ಬೆರಳದ್ದಿ ಕಾಗದ ಬರೆಯಬಹುದಿತ್ತಂತೆ.
ಈಗ ತಳದ ಕಲ್ಲು ಎಣಿಸಬಹುದು.
ಭಾನುವಾರ ಮಧ್ಯಾಹ್ನದ ತನಕ ನಾನು ಹಿಡಿದದ್ದು
ಒಂದು ಮುಳ್ಳುಗಿಡ, ನನ್ನದೇ ಟೋಪಿ,
ಸೂಪರ್‌ಮಾರ್ಕೆಟ್ಟಿನ ಮುಳುಗಿದ ತಳ್ಳುಗಾಡಿ.
ಸಂಜೆ, ಸೊಳ್ಳೆ ಏಳುವ ಹೊತ್ತಿಗೆ,
ಆ ಕಡೆಯಿಂದ ಯಾರೋ ಬಾಗಿಲು ಜಗ್ಗಿದಂತೆ.

ಗೇಣುದ್ದ. ಮೈತುಂಬ ಕೆಂಪು ಚುಕ್ಕಿ.
ಒದ್ದೆ ಕೈಯಲ್ಲಿ ಒಂದು ಉಸಿರು ಇಟ್ಟುಕೊಂಡು ಬಿಟ್ಟೆ.

ಸೋಮವಾರ ಆರೂ ಹತ್ತರ ಬಸ್ಸಿಗೆ ಗೆಥಿನ್ ಹತ್ತಿದ.
ಸಿಕ್ಕಿತಾ ಅಂತ ಕೇಳಲಿಲ್ಲ.
"ಹಿಡಿಯ ತನಕ ಬಾಗಿತಾ?"
"ಹ್ಞೂಂ."
ಪಾಸು ತೋರಿಸುವುದನ್ನೂ ಮರೆತು ಹಿಂದೆ ಹೋಗಿ ಕೂತ.

ಸೇತುವೆಯ ಮೇಲೆ, ಅವತ್ತು,
ಎರಡನೇ ಗೇರು.