ಹದಿನೇಳು ಮೊಳೆ

ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರು ಕೊನೆಗೆ:
ಎಲಿಸೋ, ಕೇಬಲ್ ಕಾರಿನ ಹೆಂಗಸು.
ಮೂರೇ ಮಾತು. “ಬಾಗಿಲಿಗೆ ಒರಗಬೇಡಿ.”
“ಒರಗಬೇಡಿ ಅಂದೆನಲ್ಲ.”
ಮೂರನೆಯದು, ಬಂಡಿ ನಡುಗಾಳಿಯಲ್ಲಿ ನಿಂತಮೇಲೆ,
“ಹೊರಡುತ್ತೆ, ಈಗ ಹೊರಡುತ್ತೆ.”
ಮಿಕ್ಕ ಒಂದೂಕಾಲು ಗಂಟೆ ಸುಮ್ಮನೆ ಕೂತಿರಬೇಕು,
ಬೇರೆಯವರು ಪ್ರೀತಿಸುವಾಗ, ಕಚ್ಚಾಡುವಾಗ, ಅಳುವಾಗ.

ನಮ್ಮ ಚಿಯಾತುರಾದಲ್ಲಿ ನದಿಗೆ ಕೂಡ ಪಾತ್ರವಿದೆ.
ಗಣಿಯ ಮಸಿ ಬಳಿದುಕೊಂಡು ವಾರವಿಡೀ ಆಡುತ್ತದೆ,
ಭಾನುವಾರ ಒಂದಿಷ್ಟು ಬಣ್ಣ ತೊಳೆದುಕೊಳ್ಳುತ್ತದೆ.
ನನಗೆ ಸಿಕ್ಕಿದ್ದು ಒಂದು ಸ್ಟೂಲು.

ಜುಂಬೇರ್ ಮಾಸ್ತರು ನನ್ನ ಮೋರೆ ನೋಡಿ ಗಡ್ಡ ಕೆರೆದರು:
“ಲಮಾರಾ ಇನ್ನೂ ಇದ್ದಾಳೆ, ನಾಲ್ಕನೆಯ ಬ್ಲಾಕಿನಲ್ಲಿ.
ಹೋಗು, ಕೂತಿದ್ದು ಬಾ.”

ಆರನೆಯ ಮಹಡಿ. ಲಿಫ್ಟಿಗೆ ನಾಣ್ಯ ಹಾಕಬೇಕು.
ಅವಳು ಹಾಕುವುದಿಲ್ಲ, ಎಪ್ಪತ್ತರ ಮಂಡಿಯಲ್ಲಿ ಮೆಟ್ಟಿಲೇ ಹತ್ತುತ್ತಾಳೆ.
ಜಿಪುಣಿ ಅಂತಾರೆ ಕೆಳಮನೆಯವರು. ನಾನೂ ಹಾಗೇ ಬರೆದುಕೊಂಡೆ.
ಬಾಲ್ಕನಿಯ ಬಾಗಿಲಿಗೆ ಅಡ್ಡ ಒಂದು ಬೀರು.
ಜಾಗ ಸಾಲದು ಪಾಪ, ಅದನ್ನೂ ಬರೆದುಕೊಂಡೆ.

ಮೊದಲ ವಾರ ಅವಳ ಕೆಮ್ಮು ಕದ್ದೆ.
ಎರಡನೆಯ ವಾರ, ಆಕ್ರೋಡು ಒಡೆಯುವಾಗ ಮಣಿಕಟ್ಟು ತಿರುಗುವ ಬಗೆ,
“ವೈ ಮೇ” ಅನ್ನುವಾಗ ಏಳದೇ ಉಳಿಯುವ ಎಡ ಹುಬ್ಬು.
ಮನೆಗೆ ತಂದು ಕನ್ನಡಿಯೆದುರು ಒಂದೊಂದೇ ತೊಟ್ಟು ನೋಡಿದೆ.
ತಮ್ಮ ಮಾಲ್ಖಾಜ್ ಹಣಕಿ ಅಂದ: ಅಜ್ಜಿಯಲ್ಲ, ಕೋಳಿ.

ಮೂರನೆಯ ವಾರ ಅವಳೇ ಕೇಳಿದಳು, ತೋರಿಸು.
ತೋರಿಸಿದೆ. ಬೆನ್ನು ನೇರ, ಗದ್ದ ಮೇಲೆ,
ಹಿಡಿಕೆಯ ಮೇಲೆ ಹೂವಿಟ್ಟ ಹಾಗೆ ಕೈ.
ಊರಿಗೂರೇ ಕಾಲಡಿ ತೂಗಿದರೂ
ಸ್ವಂತ ಸೋಫಾದಲ್ಲಿ ಕೂತವಳ ಗತ್ತು.
ಚಿಕ್ಕವಳಿದ್ದಾಗ ಅಮ್ಮನ ಕೋಟು ಹಿಡಿದು ನಾನು ಕಂಡದ್ದೇ ಹಾಗೆ.

ಮಡಿಲಿನ ಸಿಪ್ಪೆ ಕೊಡವಿದಳು. ತುಂಬ ಹೊತ್ತು ಕೊಡವಿದಳು.
“ಅದು ನಾನಲ್ಲ. ಅದು ನಾನು ಹಾಕ್ತಿದ್ದ ವೇಷ.
ಮೂವತ್ತೊಂದು ವರ್ಷ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ ಮಗಳೇ,
ನಿನಗೆ ಕೈ ಹಗುರ ಕಂಡಿತೇ?
ಮೊದಲ ದಿನ ಕೆಳಗೆ ನೋಡಿದೆ. ಅಷ್ಟೇ. ಆಮೇಲೆ ನೋಡಿಲ್ಲ.
ಬಾಗಿಲಲ್ಲಿ ಹದಿನೇಳು ಮೊಳೆ,
ಹತ್ತುವಾಗ ಮೇಲಿನಿಂದ ಎಣಿಸು, ಇಳಿಯುವಾಗ ಕೆಳಗಿನಿಂದ.
ಒಂಬತ್ತನೆಯದಕ್ಕೆ ತಲೆ ಹಾರಿತ್ತು,
ಅಲ್ಲಿಗೆ ಬಂದರೆ ಅರ್ಧ ದಾರಿ.
ಗಂಡನಿಗೂ ಹೇಳಿಲ್ಲ. ಹೇಳಿದ್ದರೆ ಮನೆಗೆ ರೊಟ್ಟಿ?
ನೀನೂ ಹೇಳಬೇಡ.”

ಹೇಳಿಲ್ಲ.
ಬರೆಯುವುದು ಹೇಳಿದಂತಲ್ಲ ಅಂದುಕೊಂಡಿದ್ದೇನೆ.
ಇಳಿಯುವಾಗ ಮೂರನೆಯ ಮಹಡಿಯ ಮಿಣುಕು ದೀಪದಡಿ ನಿಂತು
ನೋಟ್‌ಬುಕ್ಕಿನ “ಜಿಪುಣಿ”ಯನ್ನು ಹೊಡೆದುಹಾಕಿದೆ,
ಬದಲಿಗೆ ಏನು ಬರೆಯಬೇಕೋ ತೋಚದೆ
ಆ ಜಾಗ ಹಾಗೇ ಬಿಟ್ಟೆ.

ನಮ್ಮ ತಾಲೀಮು ನಡೆಯುವುದು ನೆಲಮಹಡಿಯಲ್ಲಿ.
ಸೀಮೆಸುಣ್ಣದ ಚೌಕವೇ ಬಂಡಿ, ಬಾಗಿಲು ರಟ್ಟಿನದು.
ಎಲ್ಲರೂ ಹೋದಮೇಲೆ ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟೆ, ಹದಿನೇಳು,
ಒಂಬತ್ತನೆಯದನ್ನು ಹೆಬ್ಬೆರಳಿನಿಂದ ಒರೆಸಿದೆ.
ಮೊದಲ ಸಾಲಿನಿಂದಲೂ ಕಾಣುವುದಿಲ್ಲ.
ಲಮಾರಾಗೆ ತೆಗೆದಿಟ್ಟ ಟಿಕೆಟು ಆ ಸಾಲಿನದೇ,
ಮೇಲೆ ಬಾಲ್ಕನಿ ಖಾಲಿಯಿದ್ದರೂ.

ನೆಲಮಹಡಿಯಲ್ಲಿ ಬೀಳುವುದಾದರೂ ಎಲ್ಲಿಗೆ?
ಮಂಗಳವಾರ ಬರೀ ಎಣಿಸಿದೆ. ಭಯ ಬರಲಿಲ್ಲ.
ಬುಧವಾರ ಹಸಿವಾಯಿತು, ಅಷ್ಟೇ.
ಗುರುವಾರ ಜುಂಬೇರ್ ಮಾಸ್ತರು ಚಪ್ಪಾಳೆ ತಟ್ಟಿ ಆಟ ನಿಲ್ಲಿಸಿದರು.
ಎಲಿಸೋ, ಏನು ಮಾಡ್ತಿದ್ದೀಯ ಅಲ್ಲಿ?
ಏನೂ ಇಲ್ಲ, ಅಂದೆ.
ಹೀಗೇ ಮಾಡ್ತಿರು, ಅಂದರು.

ಪ್ರೇಮಿಗಳು ಮತ್ತೆ ಮೊದಲಿನಿಂದ ಹಿಡಿದರು.
ನಾನು ಹನ್ನೊಂದರಲ್ಲಿದ್ದೆ,
ಇನ್ನೂ ಆರು ಉಳಿದಿತ್ತು.